ಓದುಗರ ಪ್ರಶ್ನೆ: ಆಸ್ಪೆನ್ ಕಾಡು ದಾಟಿ ಎತ್ತರದ ಹುಲ್ಲುಗಾವಲಿಗೆ

ಅಮೆರಿಕದ ಕೊಲರಾಡೊ ಮತ್ತು ಯೂಟಾ ರಾಜ್ಯಗಳಲ್ಲಿ ಆಸ್ಪೆನ್ ಎಂಬ ಎಲೆ ಉದುರಿಸುವ ಮರಗಳ ಕಾಡುಗಳ ನಡುವೆ ಹಾದು ಎತ್ತರದ ಹುಲ್ಲುಗಾವಲುಗಳಿಗೆ ಏರುವ ಕಾಲುಹಾದಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಕೆಲವನ್ನು ಕೇಳಿದವರು ಮಕ್ಕಳನ್ನು ನೋಡಲು ಅಲ್ಲಿಗೆ ಹೊರಟಿರುವ ಹಿರಿಯರು, ಇನ್ನು ಕೆಲವನ್ನು ಕೇಳಿದವರು ಅಲ್ಲಿಯೇ ನೆಲೆಸಿರುವ ಯುವಕರು. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಒಂದನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಹುಲ್ಲುಗಾವಲಿನ ಹೂವುಗಳನ್ನೂ ಆಸ್ಪೆನ್ ಮರಗಳ ಬಂಗಾರದ ಎಲೆಗಳನ್ನೂ ನೋಡಬೇಕೆಂಬ ಆಸೆಯಿದೆ. ಜುಲೈ ಒಳ್ಳೆಯದೋ, ಸೆಪ್ಟೆಂಬರ್ ಒಳ್ಳೆಯದೋ?

ಉತ್ತರ: ಎರಡೂ ಒಂದೇ ಪ್ರವಾಸದಲ್ಲಿ ಸಿಗುವುದಿಲ್ಲ. ಹನ್ನೆರಡು ಸಾವಿರ ಅಡಿಯ ಆಸುಪಾಸಿನ ಕಣಿವೆದಾರಿಗಳಲ್ಲಿ, ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿಗಳಲ್ಲಿ, ಜೂನ್ ಕೊನೆಯವರೆಗೂ, ಹಿಮ ಹೆಚ್ಚು ಬಿದ್ದ ವರ್ಷಗಳಲ್ಲಿ ಜುಲೈ ಹೊಕ್ಕ ಮೇಲೂ ಹಿಮ ಉಳಿದಿರುತ್ತದೆ. ಅದು ಕರಗಿದ ಬೆನ್ನಿಗೇ ಹೂವುಗಳು ಅವಸರವಾಗಿ ಏಳುತ್ತವೆ. ಜುಲೈ ನಡುವಿನಿಂದ ಆಗಸ್ಟ್ ಮೊದಲ ವಾರದವರೆಗಿನ ದಿನಗಳು ಸಾಮಾನ್ಯವಾಗಿ ಅವುಗಳ ಉತ್ಕರ್ಷದ ಕಾಲ. ಆಸ್ಪೆನ್ ಎಲೆಗಳು ಹಳದಿಗೆ ತಿರುಗುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಆರಂಭದ ನಡುವೆ, ಅದೂ ಉತ್ತರದ ಮತ್ತು ಎತ್ತರದ ತಾಣಗಳಲ್ಲಿ ಮೊದಲು, ದಕ್ಷಿಣದಲ್ಲಿ ತಡವಾಗಿ. ಒಂದು ರಾತ್ರಿಯ ಬಿರುಗಾಳಿಗೆ ಇಡೀ ಇಳಿಜಾರಿನ ಎಲೆಗಳು ಉದುರಿಹೋಗುವುದುಂಟು. ಆದ್ದರಿಂದ ಇಂಥದ್ದೇ ದಿನವೆಂದು ಯಾರಾದರೂ ಖಚಿತವಾಗಿ ಹೇಳಿದರೆ ಪೂರ್ತಿ ನಂಬಬೇಡಿ.

ಹುಲ್ಲುಗಾವಲಿನವರೆಗೆ ಏರುವ ಶಕ್ತಿಯೂ ಮನಸ್ಸೂ ಇದ್ದರೆ ಜುಲೈ ತಿಂಗಳನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಮೇಲಿನ ಹುಲ್ಲು ಒಣಗಿ ಕಂದಾಗಿರುತ್ತದೆ, ಮೈಕೊರೆಯುವ ಗಾಳಿ ಬೀಸುತ್ತಿರುತ್ತದೆ. ಕಾಡಿನಲ್ಲಷ್ಟೇ ಅಡ್ಡಾಡುವ ಯೋಚನೆಯಿದ್ದರೆ ಮಾತ್ರ ಸೆಪ್ಟೆಂಬರ್‌ಗೆ ಸಾಟಿಯಿಲ್ಲ. ಆಗ ಮಧ್ಯಾಹ್ನದ ಸಿಡಿಲಿನ ಕಾಟವೂ ಬಹಳಮಟ್ಟಿಗೆ ತಗ್ಗಿರುತ್ತದೆ.

ಪ್ರಶ್ನೆ: ಗಾಳಿಯೇ ಇಲ್ಲದಂತಿದ್ದರೂ ಆಸ್ಪೆನ್ ಎಲೆಗಳು ಸದಾ ನಡುಗುತ್ತಿರುತ್ತವೆ, ಅಕ್ಕಪಕ್ಕದ ಮರಗಳು ಮಾತ್ರ ಅಲುಗದೆ ನಿಂತಿರುತ್ತವೆ. ಇದಕ್ಕೆ ಕಾರಣವೇನು?

ಉತ್ತರ: ಕಾರಣ ಎಲೆಯ ತೊಟ್ಟಿನಲ್ಲಿದೆ. ಹಾದಿಯಲ್ಲಿ ಬಿದ್ದಿರುವ ಒಂದು ಎಲೆಯನ್ನು ಎತ್ತಿಕೊಂಡು ಅದರ ತೊಟ್ಟನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊರಳಿಸಲು ಪ್ರಯತ್ನಿಸಿ. ಬೇರೆ ಮರಗಳ ತೊಟ್ಟು ಸಾಮಾನ್ಯವಾಗಿ ದುಂಡಗಿರುವುದರಿಂದ ಸಲೀಸಾಗಿ ಉರುಳುತ್ತದೆ, ಆಸ್ಪೆನ್ ತೊಟ್ಟು ಉರುಳದೆ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಅದು ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿದೆ. ಆ ಚಪ್ಪಟೆತನವು ಎಲೆಯ ಹಾಳೆಗೆ ಅಡ್ಡಲಾಗಿ, ಅಂದರೆ ಲಂಬಕೋನದಲ್ಲಿ ಇರುವುದರಿಂದ ತೊಟ್ಟು ಪಕ್ಕಕ್ಕೆ ಬಹಳ ಸುಲಭವಾಗಿ ಬಾಗುತ್ತದೆ ಮತ್ತು ನಮ್ಮ ಕೆನ್ನೆಗೆ ತಾಗದಷ್ಟು ಮೆಲ್ಲನೆಯ ಗಾಳಿಗೂ ಎಲೆ ಅತ್ತಿತ್ತ ಹೊರಳುತ್ತದೆ. ಎಲೆಯ ಮೇಲ್ಭಾಗ ಹೊಳೆಯುವ ಹಸಿರು, ಕೆಳಭಾಗ ಮಾಸಲು. ಇವೆರಡೂ ಬಿಟ್ಟುಬಿಟ್ಟು ಕಾಣುವುದರಿಂದ ಇಡೀ ಮರವೇ ಮಿನುಗುತ್ತದೆ.

ಈ ನಡುಕದಿಂದ ಮರಕ್ಕೇನು ಲಾಭ ಎಂಬುದರ ಬಗ್ಗೆ ಹಲವು ವಾದಗಳಿವೆ. ಮೇಲಿನ ಎಲೆಗಳು ಹೊರಳುವಾಗ ಕೆಳಗಿನ ಎಲೆಗಳಿಗೂ ಬಿಸಿಲು ತಲುಪುತ್ತದೆ ಎನ್ನುವುದು ಒಂದು, ಜೋರು ಗಾಳಿಗೆ ಎದೆಯೊಡ್ಡದೆ ಬಾಗುವುದರಿಂದ ಎಲೆ ಹರಿಯುವುದು ತಪ್ಪುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವಾಗಿರಬಹುದು.

ಪ್ರಶ್ನೆ: ಆಸ್ಪೆನ್ ಕಾಡು ಎಂದರೆ ನಿಜವಾಗಿ ಒಂದೇ ಮರ ಎಂದು ಎಲ್ಲಿಯೋ ಓದಿದೆ. ಸಾವಿರಾರು ಕಾಂಡಗಳನ್ನು ಕಣ್ಣಾರೆ ಕಾಣುವಾಗ ಇದನ್ನು ನಂಬುವುದು ಹೇಗೆ?

ಉತ್ತರ: ಇಡೀ ಕಾಡು ಒಂದೇ ಮರ ಎನ್ನುವುದು ಅತಿಶಯೋಕ್ತಿ. ಒಂದು ಇಳಿಜಾರಿನಲ್ಲಿ ಇಂಥ ಹಲವು ‘ಮರ’ಗಳು ಒಂದಕ್ಕೊಂದು ತಾಗಿಕೊಂಡು ಇರುತ್ತವೆ, ಪ್ರತಿಯೊಂದಕ್ಕೂ ಹತ್ತಾರು, ನೂರಾರು, ಕೆಲವೊಮ್ಮೆ ಸಾವಿರಾರು ಕಾಂಡಗಳಿರುತ್ತವೆ ಎನ್ನುವುದು ಸರಿಯಾದ ಮಾತು. ಬಾಳೆಯ ಬುಡದಲ್ಲಿ ಕಂದುಗಳು ಏಳುವುದನ್ನು ಬಲ್ಲವರಿಗೆ ಇದು ತೀರಾ ಹೊಸದೇನಲ್ಲ. ವ್ಯತ್ಯಾಸವೇನೆಂದರೆ ಬಾಳೆಯ ಕಂದು ನೆಲದೊಳಗಿನ ಗೆಡ್ಡೆಯಿಂದ, ತಾಯಿಯ ಬುಡದಲ್ಲೇ ಏಳುತ್ತದೆ. ಆಸ್ಪೆನ್ ಚಿಗುರಾದರೋ ನೆಲದ ಮೇಲ್ಪದರದಲ್ಲಿ ಅಡ್ಡಡ್ಡ ಹರಡಿದ ಬೇರಿನಿಂದ, ಮೂಲ ಕಾಂಡಕ್ಕಿಂತ ಎಷ್ಟೋ ಮಾರು ದೂರದಲ್ಲೂ ಏಳಬಲ್ಲದು. ಹೀಗೆ ಎದ್ದ ಪ್ರತಿಯೊಂದು ಕಾಂಡದ ವಂಶವಾಹಿಯೂ ಒಂದೇ.

ಇದರಲ್ಲಿ ಅತಿ ಪ್ರಸಿದ್ಧವಾದದ್ದು ಯೂಟಾ ರಾಜ್ಯದ ಫಿಶ್‌ಲೇಕ್ ರಾಷ್ಟ್ರೀಯ ಅರಣ್ಯದಲ್ಲಿರುವ ಪ್ಯಾಂಡೊ. ಅದು 106 ಎಕರೆಯಲ್ಲಿ ಹರಡಿಕೊಂಡಿದೆ, ಸುಮಾರು 47,000 ಕಾಂಡಗಳನ್ನು ಹೊತ್ತಿದೆ, ಒಟ್ಟು ತೂಕ ಆರು ಸಾವಿರ ಟನ್‌ನಷ್ಟೆಂದು ಅಂದಾಜಿಸಲಾಗಿದೆ. ಇದೊಂದೇ ಜೀವಿ ಎಂಬ ಸಂಗತಿಯನ್ನು 1970ರ ದಶಕದಲ್ಲಿ ಬರ್ಟನ್ ಬಾರ್ನ್ಸ್ ಮತ್ತು ಜೆರ್ರಿ ಕೆಂಪರ್‌ಮನ್ ಎಲೆ, ತೊಗಟೆ, ಕಾಂಡದ ರೂಪಗಳನ್ನು ಹೋಲಿಸಿ ಗುರುತಿಸಿದರು. ಮುಂದೆ ತಳಿ ಪರೀಕ್ಷೆಗಳು ಅದನ್ನು ದೃಢಪಡಿಸಿದವು. ಅಲ್ಲಿನ ಒಂದೊಂದು ಕಾಂಡದ ಆಯುಸ್ಸು ನೂರು ನೂರೈವತ್ತು ವರ್ಷದ ಒಳಗೇ ಇದ್ದರೂ ಬೇರಿನ ಜಾಲ ಸಾವಿರಾರು ವರ್ಷಗಳಿಂದ ಬದುಕಿದೆ. ಈಗ ಅದಕ್ಕೆ ಬಂದಿರುವ ಮುಖ್ಯ ಆಪತ್ತು ಮ್ಯೂಲ್ ಜಿಂಕೆಗಳು ಮತ್ತು ಮೇಯಲು ಬಿಟ್ಟ ದನಗಳು. ಹಳೆಯ ಕಾಂಡಗಳು ಬೀಳುತ್ತಿರುವಾಗ ಅವುಗಳ ಜಾಗವನ್ನು ತುಂಬಬೇಕಾದ ಚಿಗುರುಗಳನ್ನು ಇವು ಮೊಣಕಾಲೆತ್ತರ ದಾಟುವ ಮೊದಲೇ ಮೇದುಬಿಡುತ್ತವೆ. ಅದಕ್ಕಾಗಿಯೇ ಕೆಲವು ಭಾಗಗಳಿಗೆ ಎತ್ತರದ ಬೇಲಿ ಹಾಕಲಾಗಿದೆ. ಬೇಲಿಯ ಒಳಗೆ ಕಾಣುವ ಎಳೆಯ ಕಾಂಡಗಳ ದಟ್ಟಣೆಯನ್ನೂ ಹೊರಗಿನ ಬರಿದಾದ ನೆಲವನ್ನೂ ಹೋಲಿಸಿ ನೋಡಿದರೆ ಸಮಸ್ಯೆಯನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ಚಿಗುರು ಏಳುವ ಕ್ರಮವೂ ಸ್ವಾರಸ್ಯಕರ. ಬದುಕಿರುವ ಕಾಂಡದ ತುದಿಯಿಂದ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಬೇರನ್ನು ತಲುಪುತ್ತಿರುವವರೆಗೂ ಬೇರಿನ ಮೊಗ್ಗುಗಳು ಬಹುಮಟ್ಟಿಗೆ ನಿದ್ರೆಯಲ್ಲಿರುತ್ತವೆ. ಬೆಂಕಿ, ಹಿಮಕುಸಿತ ಅಥವಾ ಕೊಡಲಿಯಿಂದ ಕಾಂಡ ಸತ್ತಾಗ ಆ ಹರಿವು ನಿಂತುಹೋಗಿ, ಬಿಸಿಲು ಬಿದ್ದು ಬೆಚ್ಚಗಾದ ನೆಲದಿಂದ ಚಿಗುರುಗಳು ಒಮ್ಮೆಲೇ ಏಳುತ್ತವೆ. ಹೀಗಾಗಿ ಕಾಡ್ಗಿಚ್ಚು ಆಸ್ಪೆನ್‌ಗೆ ಕೇಡಿಗಿಂತ ಒಳಿತನ್ನೇ ಹೆಚ್ಚು ಮಾಡುತ್ತದೆ. ಬೆಂಕಿಯೇ ಬೀಳದಿದ್ದರೆ ಎಷ್ಟೋ ಕಡೆ ಸ್ಪ್ರೂಸ್ ಮತ್ತು ಫರ್ ಮರಗಳು ಆಸ್ಪೆನ್ ನೆರಳಿನಲ್ಲೇ ಬೆಳೆದು, ಕಡೆಗೆ ಅದಕ್ಕೇ ಬಿಸಿಲು ಸಿಗದಂತೆ ಮಾಡುತ್ತವೆ. ಬೀಜದಿಂದ ಹೊಸ ಮರ ಹುಟ್ಟುವುದು ಪಶ್ಚಿಮದ ಒಣ ನೆಲದಲ್ಲಿ ಅಪರೂಪ, ಆದರೂ 1988ರ ಯೆಲ್ಲೊಸ್ಟೋನ್ ಬೆಂಕಿಯ ನಂತರ ಸುಟ್ಟ ನೆಲದಲ್ಲಿ ಆಸ್ಪೆನ್ ಸಸಿಗಳು ಬೀಜದಿಂದಲೇ ಹೇರಳವಾಗಿ ಮೊಳೆತವು.

ನಿಮ್ಮ ಕಣ್ಣಿಗೇ ಪುರಾವೆ ಬೇಕಿದ್ದರೆ ಸೆಪ್ಟೆಂಬರ್‌ನಲ್ಲಿ ಎದುರಿನ ಬೆಟ್ಟವನ್ನು ದೂರದಿಂದ ನೋಡಿ. ಒಂದೇ ಬೇರಿನ ಕಾಂಡಗಳೆಲ್ಲ ಬಹುತೇಕ ಒಟ್ಟಿಗೇ ಬಣ್ಣ ಬದಲಿಸುತ್ತವೆ. ಒಂದು ತುಂಡು ಪೂರ್ತಿ ಹಳದಿಯಾಗಿದ್ದಾಗ ಪಕ್ಕದ್ದು ಇನ್ನೂ ಹಸಿರಾಗಿರುತ್ತದೆ, ಮತ್ತೊಂದು ಕಿತ್ತಳೆಗೆ ಹೊರಳಿರುತ್ತದೆ. ಆ ಬಣ್ಣಗಳ ಗಡಿಯೇ ಎರಡು ಜೀವಿಗಳ ಗಡಿ. ವಸಂತದಲ್ಲಿ ಚಿಗುರೊಡೆಯುವಾಗಲೂ ಇದೇ ಗಡಿಗಳು ಕಾಣುತ್ತವೆ.

ಪ್ರಶ್ನೆ: ನನಗೆ ಅರುವತ್ತನಾಲ್ಕು ವರ್ಷ, ದಿನವೂ ನಡೆಯುವ ಅಭ್ಯಾಸವಿದೆ. ವಿಮಾನ ಇಳಿದ ಮರುದಿನವೇ ಇಂಥ ಹಾದಿಗೆ ಹೋಗಬಹುದೇ?

ಉತ್ತರ: ದಯವಿಟ್ಟು ಬೇಡ. ಬಯಲಿನಲ್ಲಿ ನಡೆಯುವ ಅಭ್ಯಾಸ ಕಾಲಿಗೆ ಬಲ ಕೊಡುತ್ತದೆ, ಆದರೆ ಎತ್ತರದ ಗಾಳಿಗೆ ದೇಹ ಹೊಂದಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಗಟ್ಟಿಮುಟ್ಟಾದ ಯುವಕರಿಗೇ ಎತ್ತರದ ಕಾಯಿಲೆ ಬಂದು, ನಿಧಾನವಾಗಿ ನಡೆದ ಹಿರಿಯರಿಗೆ ಏನೂ ಆಗದಿರುವುದು ಸಾಮಾನ್ಯ. ಡೆನ್ವರ್ ನಗರವೇ 5,280 ಅಡಿ ಎತ್ತರದಲ್ಲಿದೆ. ಆಸ್ಪೆನ್ ಪಟ್ಟಣ ಸುಮಾರು 7,900 ಅಡಿ, ಕ್ರೆಸ್ಟೆಡ್ ಬ್ಯೂಟ್ ಸುಮಾರು 8,900 ಅಡಿ. ಹತ್ತು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡ 70ರಷ್ಟಕ್ಕೆ ಇಳಿದಿರುತ್ತದೆ, ಅಂದರೆ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಸಾಮಾನ್ಯವಾಗಿ ಎಂಟು ಸಾವಿರ ಅಡಿಯಿಂದಾಚೆಗೆ ತೊಂದರೆ ಕಾಣಿಸಿಕೊಳ್ಳತೊಡಗುತ್ತದೆ, ಅದೂ ತಲುಪಿದ ಕೂಡಲೇ ಅಲ್ಲ, ಕೆಲವು ಗಂಟೆಗಳು ಕಳೆದ ಮೇಲೆ, ಹಲವು ವೇಳೆ ಮೊದಲ ರಾತ್ರಿಯಲ್ಲಿ.

ಡೆನ್ವರ್‌ನಲ್ಲಿ ಎರಡು ರಾತ್ರಿ ಕಳೆಯಿರಿ, ಬೆಟ್ಟದ ಪಟ್ಟಣದಲ್ಲಿ ಇನ್ನೊಂದೆರಡು ರಾತ್ರಿ ತಂಗಿ, ಮೊದಲ ದಿನ ಕಾಡಿನಲ್ಲಿ ಒಂದು ಗಂಟೆಯಷ್ಟು ಮಾತ್ರ ಸುತ್ತಾಡಿ. ಮಾತನಾಡುತ್ತಲೇ ನಡೆಯಲು ಆಗುವಷ್ಟು ನಿಧಾನವೇ ಸರಿಯಾದ ವೇಗ. ನೀರು ಚೆನ್ನಾಗಿ ಕುಡಿಯಿರಿ, ಆ ದಿನಗಳಲ್ಲಿ ಮದ್ಯವನ್ನೂ ನಿದ್ರೆ ಮಾತ್ರೆಯನ್ನೂ ದೂರವಿಡಿ. ತಲೆನೋವು, ವಾಕರಿಕೆ, ಹಸಿವಾಗದಿರುವುದು ಕಾಣಿಸಿಕೊಂಡರೆ ಮುಂದೆ ಏರಬಾರದು, ಕಡಿಮೆಯಾಗದಿದ್ದರೆ ಇಳಿಯಬೇಕು. ಕುಳಿತಿರುವಾಗಲೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಇವುಗಳಲ್ಲಿ ಒಂದು ಕಂಡರೂ ಅದು ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುತ್ತಿರುವ ಸೂಚನೆ. ಆಗ ಬೆಳಗಾಗುವವರೆಗೆ ಕಾಯದೆ ಆ ಕ್ಷಣವೇ ಕೆಳಗಿಳಿದು ಚಿಕಿತ್ಸೆ ಪಡೆಯಬೇಕು. ಅಸಿಟಝೋಲಮೈಡ್ ಎಂಬ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ, ಆದರೆ ಹೃದಯ, ಶ್ವಾಸಕೋಶ, ರಕ್ತದೊತ್ತಡದ ತೊಂದರೆಯಿರುವವರು ಮತ್ತು ಬೇರೆ ಔಷಧಿ ಸೇವಿಸುವವರು ಹೊರಡುವ ಮೊದಲೇ ವೈದ್ಯರೊಡನೆ ಕುಳಿತು ಮಾತನಾಡಬೇಕು.

ಪ್ರಶ್ನೆ: ಮಧ್ಯಾಹ್ನ ಹನ್ನೆರಡರೊಳಗೆ ಮೇಲಿನಿಂದ ಇಳಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಆಕಾಶ ಶುಭ್ರವಾಗಿದ್ದರೂ ಇಷ್ಟು ಆತುರ ಬೇಕೇ? ಆಸ್ಪೆನ್ ಪಟ್ಟಣದ ಬಳಿಯ ಮರೂನ್ ಸರೋವರದಿಂದ ವೆಸ್ಟ್ ಮರೂನ್ ಕಣಿವೆದಾರಿಗೆ ಹೋಗುವ ಯೋಚನೆಯಲ್ಲಿದ್ದೇವೆ.

ಉತ್ತರ: ಖಂಡಿತ ಬೇಕು. ಆ ಬೆಟ್ಟಗಳಲ್ಲಿ ಬೆಳಗಿನ ಆಕಾಶ ಮಧ್ಯಾಹ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಜುಲೈ ಮತ್ತು ಆಗಸ್ಟ್‌ನಲ್ಲಿ ದಕ್ಷಿಣದಿಂದ ತೇವದ ಗಾಳಿ ಬರುತ್ತಿರುತ್ತದೆ. ಬಿಸಿಲೇರಿದಂತೆ ಇಳಿಜಾರುಗಳು ಕಾದು ಆ ಗಾಳಿಯನ್ನು ಮೇಲಕ್ಕೆ ತಳ್ಳುತ್ತವೆ. ಹತ್ತು ಗಂಟೆಗೆ ಶಿಖರದ ಹಿಂದೆ ಕಂಡ ಹತ್ತಿಯಂಥ ಬಿಳಿ ಮೋಡ ಒಂದೆರಡು ಗಂಟೆಗಳಲ್ಲಿ ಬುಡ ಕಪ್ಪಾಗಿ ಗುಡುಗತೊಡಗುತ್ತದೆ. ಕೊಲರಾಡೊದಲ್ಲಿ ಮರಗಳು ನಿಲ್ಲುವ ಎತ್ತರ ಸುಮಾರು ಹನ್ನೊಂದರಿಂದ ಹನ್ನೆರಡು ಸಾವಿರ ಅಡಿ. ಅದಕ್ಕಿಂತ ಮೇಲಿನ ಹುಲ್ಲುಗಾವಲಿನಲ್ಲಿ ಸುತ್ತಲಿನ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ.

ಈಗ ನಿಮ್ಮ ಹಾದಿಯ ಲೆಕ್ಕಕ್ಕೆ ಬರೋಣ. ಮರೂನ್ ಸರೋವರ ಸುಮಾರು 9,600 ಅಡಿಯಲ್ಲಿದೆ, ಕಣಿವೆದಾರಿ ಸುಮಾರು 12,500 ಅಡಿಯಲ್ಲಿದೆ, ನಡುವಿನ ದೂರ ಆರೂವರೆ ಮೈಲಿಯಷ್ಟು. ಸ್ಕಾಟ್ಲೆಂಡಿನ ಚಾರಣಿಗ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಉಪಯುಕ್ತ: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಅದು ತಗ್ಗಿನ ಬೆಟ್ಟಗಳ ಲೆಕ್ಕ, ತೆಳು ಗಾಳಿಗೂ ನಿಂತು ನೋಡುವುದಕ್ಕೂ ಇನ್ನೊಂದು ಗಂಟೆಯನ್ನಾದರೂ ಸೇರಿಸಿ. ಆರು ಗಂಟೆಗೆ ಹೊರಟರೆ ಹತ್ತೂವರೆ ಹನ್ನೊಂದಕ್ಕೆ ಮೇಲೆ ತಲುಪುತ್ತೀರಿ, ಒಂಬತ್ತಕ್ಕೆ ಹೊರಟರೆ ಸರಿಯಾಗಿ ಗುಡುಗಿನ ಹೊತ್ತಿಗೆ. ಎಲ್ಲಿದ್ದರೂ ಹನ್ನೊಂದಕ್ಕೆ ಹಿಂದಿರುಗುತ್ತೇವೆ ಎಂದು ಕೆಳಗಿರುವಾಗಲೇ ತೀರ್ಮಾನಿಸಿಕೊಂಡು ಹೊರಡಿ. ಮೇಲೆ ನಿಂತು ತೀರ್ಮಾನಿಸಹೊರಟರೆ ಕಣಿವೆದಾರಿ ಯಾವಾಗಲೂ ಇನ್ನೊಂದೇ ತಿರುವಿನಾಚೆ ಇರುವಂತೆ ತೋರುತ್ತದೆ.

ಹೆಚ್ಚಿನವರು ಆಸ್ಪೆನ್ ಕಾಡಿನ ಮೊದಲ ಮೈಲಿಯಲ್ಲೇ ಚಿತ್ರ ತೆಗೆಯುತ್ತ ಒಂದು ಗಂಟೆ ಕಳೆದು, ಆಮೇಲೆ ಮೇಲಿನ ಹುಲ್ಲುಗಾವಲಿನಲ್ಲಿ ಓಡುತ್ತಾರೆ. ಕ್ರಮವನ್ನು ತಿರುಗಿಸಿ. ಬೆಳಗ್ಗೆ ಕಾಡನ್ನು ನಿಲ್ಲದೆ ದಾಟಿ, ಹುಲ್ಲುಗಾವಲಿಗೆ ಬೆಳಗಿನ ಒಳ್ಳೆಯ ಗಂಟೆಗಳನ್ನು ಕೊಟ್ಟು, ಮಧ್ಯಾಹ್ನವನ್ನು ಕೆಳಗಿನ ಕಾಡಿನಲ್ಲಿ ಸಾವಕಾಶವಾಗಿ ಕಳೆಯಿರಿ. ಎಲೆಗಳ ಮೂಲಕ ಸೋಸಿ ಬರುವ ಬೆಳಕಿಗೂ ಮಧ್ಯಾಹ್ನವೇ ಒಳ್ಳೆಯ ಹೊತ್ತು.

ಗುಡುಗು ಕೇಳಿಸಿತೆಂದರೆ ನೀವು ಆಗಲೇ ಸಿಡಿಲಿನ ವ್ಯಾಪ್ತಿಯಲ್ಲಿದ್ದೀರಿ ಎಂದರ್ಥ. ದಿಣ್ಣೆ, ಒಂಟಿ ಮರ, ಬಂಡೆಯ ಕೆಳಗಿನ ಸಣ್ಣ ಪೊಟರೆ ಇವೆಲ್ಲವನ್ನೂ ಬಿಟ್ಟು ಬೇಗ ಇಳಿಯಿರಿ, ಗುಂಪಿನಲ್ಲಿದ್ದರೆ ಒಬ್ಬರಿಂದೊಬ್ಬರು ದೂರ ದೂರ ನಡೆಯಿರಿ. ಹೆಚ್ಚುಕಡಿಮೆ ಒಂದೇ ಎತ್ತರದ ಮರಗಳಿರುವ ತಗ್ಗಿನ ಕಾಡು ಬಯಲಿಗಿಂತ ಎಷ್ಟೋ ವಾಸಿ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯುವುದು ರೂಢಿ. ಆಸ್ಪೆನ್ ಕಾಡಿನಲ್ಲಿ ಕಾಯುವಾಗ ಒಂದು ಎಚ್ಚರ ಇರಲಿ: ಹಳೆಯ ಕಾಂಡಗಳ ತಿರುಳು ಶಿಲೀಂಧ್ರದಿಂದ ಕೊಳೆತಿರುವುದು ಸಾಮಾನ್ಯ, ಗಾಳಿಗೆ ಅವು ಸದ್ದಿಲ್ಲದೆ ಮುರಿದುಬೀಳುತ್ತವೆ, ಆದ್ದರಿಂದ ಒಣಗಿದ ಕಾಂಡದ ಕೆಳಗೆ ಕೂರಬಾರದು.

ಇನ್ನೊಂದು ವಿಷಯ. ಬೇಸಗೆಯಲ್ಲಿ ಮರೂನ್ ಸರೋವರಕ್ಕೆ ಸ್ವಂತ ಕಾರಿನಲ್ಲಿ ಹೋಗುವುದಕ್ಕೂ ಬಸ್ಸಿನಲ್ಲಿ ಹೋಗುವುದಕ್ಕೂ ಮುಂಗಡವಾಗಿ ಜಾಗ ಕಾಯ್ದಿರಿಸಬೇಕು. ಬಸ್ಸಿನ ವೇಳೆ ನಿಮ್ಮ ಹೊರಡುವ ವೇಳೆಯನ್ನು ನಿರ್ಧರಿಸುವುದರಿಂದ ಅದನ್ನು ನೋಡಿಯೇ ಗುರಿಯನ್ನು ಆರಿಸಿಕೊಳ್ಳಿ. ತಡವಾದರೆ ಕ್ರೇಟರ್ ಸರೋವರದವರೆಗೆ ಹೋದರೆ ಸಾಕು. ಏರು ಐನೂರು ಅಡಿಯಷ್ಟೇ, ಹಾದಿ ಆಸ್ಪೆನ್ ಕಾಡಿನ ಮೂಲಕವೇ ಹೋಗುತ್ತದೆ.

ಪ್ರಶ್ನೆ: ಎತ್ತರದ ಹುಲ್ಲುಗಾವಲಿನಲ್ಲಿ ಯಾವ ಹೂವುಗಳನ್ನು ಗುರುತಿಸಬಹುದು? ಒಂದೆರಡನ್ನು ಕಿತ್ತು ಪುಸ್ತಕದಲ್ಲಿ ಒತ್ತಿಡಬಹುದೇ?

ಉತ್ತರ: ಕೀಳುವ ಆಸೆಯನ್ನು ಬಿಟ್ಟುಬಿಡಿ. ನೀಲಿ ಮತ್ತು ಬಿಳಿ ಎಸಳಿನ ಕೊಲಂಬೈನ್ 1899ರಿಂದ ಕೊಲರಾಡೊದ ರಾಜ್ಯ ಪುಷ್ಪ. ಸಾರ್ವಜನಿಕ ಭೂಮಿಯಲ್ಲಿ ಅದನ್ನು ಬೇರುಸಹಿತ ಕೀಳುವುದನ್ನು 1925ರ ಕಾನೂನು ನಿಷೇಧಿಸಿದೆ. ಆಸ್ಪೆನ್ ಕಾಡಿನ ಅಂಚಿನ ನೆರಳಿನಲ್ಲೇ ಅದು ಮೊದಲು ಕಾಣಸಿಗುತ್ತದೆ. ಹಿಂದಕ್ಕೆ ಚಾಚಿದ ಉದ್ದನೆಯ ಐದು ಕೊಂಬುಗಳ ತುದಿಯಲ್ಲಿ ಮಕರಂದವಿರುವುದರಿಂದ ನೀಳ ನಾಲಗೆಯ ಹಾಕ್ ಪತಂಗಗಳು ಮುಸ್ಸಂಜೆಯಲ್ಲಿ ಅದನ್ನು ಹುಡುಕಿಕೊಂಡು ಬರುತ್ತವೆ. ಹುಲ್ಲುಗಾವಲು ತೆರೆದುಕೊಂಡ ಮೇಲೆ ನೇರಳೆ ಲೂಪಿನ್, ಕಡುನೀಲಿ ಲಾರ್ಕ್‌ಸ್ಪರ್, ಕೆಂಪು ಇಂಡಿಯನ್ ಪೇಂಟ್‌ಬ್ರಷ್ ಒತ್ತೊತ್ತಾಗಿ ಕಾಣುತ್ತವೆ. ಪೇಂಟ್‌ಬ್ರಷ್‌ನಲ್ಲಿ ನಾವು ಹೂವೆಂದುಕೊಳ್ಳುವ ಕೆಂಪು ಭಾಗ ಹೂವಲ್ಲ, ಬಣ್ಣ ತಾಳಿದ ಎಲೆ. ನಿಜವಾದ ಹೂವು ಅದರೊಳಗೆ ಅಡಗಿದ ಹಸಿರು ಕೊಳವೆ. ಅದು ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಚುಚ್ಚಿ ಒಂದಿಷ್ಟು ಆಹಾರವನ್ನು ಕದಿಯುತ್ತದೆ ಕೂಡ.

ಆದರೆ ನೀವು ನಿಜವಾಗಿ ಹುಡುಕಬೇಕಾದದ್ದು ಮಾನ್ಯುಮೆಂಟ್ ಪ್ಲಾಂಟ್ ಎಂಬ ಗಿಡವನ್ನು. ಬಹುಪಾಲು ಜೀವಿತವನ್ನು ಅದು ನೆಲಕ್ಕಂಟಿದ ಅಗಲ ಎಲೆಗಳ ಗುಚ್ಛವಾಗಿ ಕಳೆಯುತ್ತದೆ, ದಾರಿಹೋಕರು ಅದರತ್ತ ತಿರುಗಿಯೂ ನೋಡುವುದಿಲ್ಲ. ಹಲವು ದಶಕಗಳಾದ ಮೇಲೆ ಒಂದು ಬೇಸಗೆಯಲ್ಲಿ ಆಳೆತ್ತರದ ಕಂಬವನ್ನೆಬ್ಬಿಸಿ, ನೇರಳೆ ಚುಕ್ಕೆಯ ತಿಳಿಹಸಿರು ಹೂಗಳನ್ನು ನೂರಾರು ಸಂಖ್ಯೆಯಲ್ಲಿ ಅರಳಿಸಿ, ಬೀಜ ಬಿಟ್ಟು ಸಾಯುತ್ತದೆ. ಒಂದೇ ವರ್ಷ ಇಡೀ ಇಳಿಜಾರಿನ ಗಿಡಗಳು ಒಟ್ಟಿಗೆ ಹೂ ಬಿಡುವುದುಂಟು. ಆ ನಿರ್ಧಾರ ಕೆಲವು ವರ್ಷಗಳ ಹಿಂದಿನ ಬೇಸಗೆಯ ಮಳೆಯನ್ನು ಅವಲಂಬಿಸಿರುತ್ತದೆ ಎಂಬುದನ್ನು ಕ್ರೆಸ್ಟೆಡ್ ಬ್ಯೂಟ್ ಬಳಿಯ ಗೋಥಿಕ್‌ನಲ್ಲಿ 1928ರಿಂದ ಇರುವ ರಾಕಿ ಮೌಂಟನ್ ಜೀವವಿಜ್ಞಾನ ಪ್ರಯೋಗಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ. ಅಲ್ಲಿ ಡೇವಿಡ್ ಇನೊಯೆ 1973ರಲ್ಲಿ ಆರಂಭಿಸಿದ ಹೂಗಳ ಎಣಿಕೆ ಇನ್ನೊಂದನ್ನೂ ತೋರಿಸಿಕೊಟ್ಟಿದೆ. ಹಿಮ ಬೇಗ ಕರಗಿದ ವರ್ಷಗಳಲ್ಲಿ ಮೊಗ್ಗುಗಳೂ ಬೇಗ ಬಂದು, ಜೂನ್ ತಿಂಗಳ ಮಂಜು ಹೆಪ್ಪುಗಟ್ಟುವ ರಾತ್ರಿಗೆ ಸಿಕ್ಕಿ ಸಾಯುತ್ತವೆ. ಬೆಚ್ಚನೆಯ ವಸಂತ ಬಂತೆಂದು ಹೂವು ಹೆಚ್ಚಾಗಬೇಕಿಲ್ಲ.

ಲಾರ್ಕ್‌ಸ್ಪರ್ ದನಗಳನ್ನು ಕೊಲ್ಲುವಷ್ಟು ವಿಷಕಾರಿ. ಒದ್ದೆ ಜಾಗಗಳಲ್ಲಿ ಜೋಳದ ಗಿಡದಂತೆ ಕಾಣುವ ಕಾರ್ನ್ ಲಿಲಿಯೂ ಹಾಗೆಯೇ. ಮಕ್ಕಳೊಂದಿಗೆ ಹೋಗುವವರು ಯಾವ ಎಲೆಯೂ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ಹಿಮ ಕರಗಿ ಹರಿಯುವ ತೊರೆಯ ನೀರು ಶುದ್ಧವಾಗಿಯೇ ಇರುತ್ತದಲ್ಲವೇ?

ಉತ್ತರ: ಇಲ್ಲ, ಗಿಯಾರ್ಡಿಯಾ ಎಂಬ ಪರೋಪಜೀವಿ ಅದರಲ್ಲಿರಬಹುದು. ಸೋಸುವ ಸಾಧನವನ್ನು ಬಳಸಿ ಅಥವಾ ಆ ಎತ್ತರದಲ್ಲಿ ಮೂರು ನಿಮಿಷ ಕುದಿಸಿ, ಏಕೆಂದರೆ ಹತ್ತು ಸಾವಿರ ಅಡಿಯಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ.

ಪ್ರಶ್ನೆ: ಆಸ್ಪೆನ್ ಕಾಂಡಗಳ ಮೇಲೆ ಕಣ್ಣಿನಂತಹ ಕಪ್ಪು ಗುರುತುಗಳೂ, ಬುಡದಲ್ಲಿ ಒರಟು ಕಪ್ಪು ಪಟ್ಟೆಗಳೂ ಕಾಣುತ್ತವೆ. ಕೆಲವು ಕಡೆ ಹೆಸರುಗಳನ್ನೂ ಕೆತ್ತಿದ್ದಾರೆ. ಇದರಿಂದ ಮರಕ್ಕೆ ಹಾನಿಯಾಗುತ್ತದೆಯೇ?

ಉತ್ತರ: ಕಣ್ಣಿನಂತಹ ಗುರುತುಗಳಿಂದ ಹಾನಿಯಿಲ್ಲ. ನೆರಳಿಗೆ ಸಿಕ್ಕ ಕೆಳಗಿನ ಕೊಂಬೆಗಳನ್ನು ಮರ ತಾನೇ ಉದುರಿಸಿದ ಜಾಗಗಳವು. ಬುಡದ ಒರಟು ಪಟ್ಟೆಗಳು ಎಲ್ಕ್ ಎಂಬ ದೊಡ್ಡ ಜಿಂಕೆಗಳ ಕೆಲಸ. ಚಳಿಗಾಲದಲ್ಲಿ ಹುಲ್ಲು ಹಿಮದಡಿ ಮುಚ್ಚಿಹೋದಾಗ ಅವು ಕೆಳಗಿನ ಹಲ್ಲುಗಳಿಂದ ತೊಗಟೆಯನ್ನು ಕೆರೆದು ತಿನ್ನುತ್ತವೆ, ಗಾಯ ಮಾಗಿ ಕಪ್ಪಾಗುತ್ತದೆ. ಆಸ್ಪೆನ್ ತೊಗಟೆ ಬೇರೆ ಮರಗಳಂತೆ ಸತ್ತ ಬಿರುಸು ಕವಚವಲ್ಲ. ಅಂಗೈಯಿಂದ ಸವರಿದರೆ ಬಿಳಿ ಪುಡಿ ಅಂಟಿಕೊಳ್ಳುತ್ತದೆ, ಆ ಪುಡಿಯ ಕೆಳಗಿನ ಹಸಿರು ಪದರ ಎಲೆಗಳಿಲ್ಲದ ತಿಂಗಳುಗಳಲ್ಲೂ ಬಿಸಿಲಿನಿಂದ ಒಂದಿಷ್ಟು ಆಹಾರವನ್ನು ತಯಾರಿಸುತ್ತದೆ. ಚೂರಿಯ ಗೀರು ಆ ಜೀವಂತ ಪದರವನ್ನು ಸೀಳಿ ಶಿಲೀಂಧ್ರಗಳಿಗೆ ಬಾಗಿಲು ತೆರೆಯುತ್ತದೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಪ್ರದೇಶದಿಂದ ಬಂದ ಕುರಿಗಾಹಿಗಳು ನೂರು ವರ್ಷಗಳ ಹಿಂದೆ ಕೆತ್ತಿದ ಹೆಸರು, ತಾರೀಕು, ಚಿತ್ರಗಳನ್ನು ಇಂದು ಚರಿತ್ರೆಯ ದಾಖಲೆಯಾಗಿ ಅಧ್ಯಯನ ಮಾಡುತ್ತಾರೆ ಎನ್ನುವುದು ನಿಜ. ಹಾಗೆಂದು ನಮ್ಮ ಹೆಸರನ್ನು ಅಲ್ಲಿ ಸೇರಿಸುವ ಅಗತ್ಯವನ್ನು ನಾನು ಕಾಣೆ.

ಪ್ರಶ್ನೆ: ಕರಡಿಯ ಭಯದಿಂದ ಮನೆಯವರು ಹೋಗಬೇಡವೆನ್ನುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಕೊಲರಾಡೊದಲ್ಲಿ ಈಗ ಇರುವುದು ಕಪ್ಪು ಕರಡಿ ಮಾತ್ರ. ಅಲ್ಲಿನ ಕೊನೆಯ ಗ್ರಿಜ್ಲಿ ಕರಡಿ 1979ರಲ್ಲಿ ಸತ್ತಿತು. ಕಪ್ಪು ಕರಡಿ ಮನುಷ್ಯರ ಸದ್ದು ಕೇಳಿದರೆ ಸಾಮಾನ್ಯವಾಗಿ ತಾನೇ ದೂರ ಹೋಗುತ್ತದೆ. ಅದರ ಆಸಕ್ತಿ ನಿಮ್ಮ ಬುತ್ತಿಯಲ್ಲಿ. ಮರೂನ್ ಬೆಲ್ಸ್ ಸ್ನೋಮಾಸ್ ವನ್ಯಪ್ರದೇಶದಲ್ಲಿ ರಾತ್ರಿ ತಂಗುವವರು ಕರಡಿಗೆ ತೆರೆಯಲಾಗದ ಡಬ್ಬಿಯಲ್ಲೇ ಆಹಾರವಿಡಬೇಕೆಂಬ ನಿಯಮವೂ ಇದೆ. ಹಗಲಿನ ಚಾರಣಿಗರು ಹೆಚ್ಚು ಅಂಜಬೇಕಾದದ್ದು ಮೂಸ್ ಎಂಬ ದೈತ್ಯ ಜಿಂಕೆಗೆ. ತೊರೆಯಂಚಿನ ವಿಲ್ಲೊ ಪೊದೆಗಳಲ್ಲಿ ಅದು ಅಲುಗದೆ ನಿಂತಿರುತ್ತದೆ, ಮರಿಯಿದ್ದರೆ ಅಥವಾ ನಾಯಿಯನ್ನು ಕಂಡರೆ ಎಚ್ಚರಿಕೆ ಕೊಡದೆ ನುಗ್ಗುವುದೂ ಉಂಟು. ಕಿವಿ ಹಿಂದಕ್ಕೆ ಮಡಚಿ, ಬೆನ್ನಿನ ಕೂದಲು ನಿಮಿರಿದರೆ ತಡಮಾಡದೆ ಹಿಂದೆ ಸರಿದು ದಪ್ಪ ಮರದ ಮರೆಗೆ ಹೋಗಿ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ನಿಯಮದಂತೆ ಮೂಸ್ ಮತ್ತು ಕರಡಿಗಳಿಂದ 120 ಅಡಿ, ಎಲ್ಕ್‌ಗಳಿಂದ 75 ಅಡಿ ದೂರವಿರಬೇಕು. ಬೇರೆ ಕಾಡುಗಳಲ್ಲೂ ಅದನ್ನೇ ಪಾಲಿಸಬಹುದು. ನಾಯಿಯನ್ನು ಕರೆದೊಯ್ದರೆ ಹಗ್ಗ ಬಿಡಬೇಡಿ.

ಪ್ರಶ್ನೆ: ಹಾದಿಯಲ್ಲಿ ಕೆಸರಿದ್ದರೆ ಪಕ್ಕದ ಹುಲ್ಲಿನ ಮೇಲೆ ನಡೆಯಬಹುದೇ? ಎದುರಿನಿಂದ ಬರುವವರಿಗೆ ಯಾರು ದಾರಿ ಬಿಡಬೇಕು?

ಉತ್ತರ: ಕೆಸರಿನಲ್ಲೇ ನಡೆಯಿರಿ, ಬೂಟು ಒಣಗುತ್ತದೆ. ಮೇಲಿನ ಹುಲ್ಲುಗಾವಲಿಗೆ ವರ್ಷದಲ್ಲಿ ಬೆಳೆಯಲು ಸಿಗುವುದು ಕೆಲವೇ ವಾರಗಳು, ತುಳಿದ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಎಲ್ಲರೂ ಪಕ್ಕಕ್ಕೆ ಸರಿದರೆ ಒಂದು ಹಾದಿ ಮೂರಾಗುತ್ತದೆ. ಏರುವವರಿಗೆ ಇಳಿಯುವವರು ದಾರಿ ಬಿಡಬೇಕು, ಕುದುರೆ ಬಂದರೆ ಎಲ್ಲರೂ ಇಳಿಜಾರಿನ ಕೆಳಬದಿಗೆ ಸರಿದು ಸದ್ದುಮಾಡದೆ ನಿಲ್ಲಬೇಕು. 1964ರ ಕಾಯ್ದೆಯಡಿ ವನ್ಯಪ್ರದೇಶವೆಂದು ಘೋಷಿತವಾದ ಕಡೆ ಸೈಕಲ್ಲಿಗೂ ಪ್ರವೇಶವಿಲ್ಲ.

ಪ್ರಶ್ನೆ: ಮೊಣಕಾಲು ನೋವಿನಿಂದ ನಾನು ಹುಲ್ಲುಗಾವಲಿನವರೆಗೆ ಏರಲಾರೆ. ಕಾಡಿನಲ್ಲಷ್ಟೇ ಕುಳಿತು ನೋಡುವಂಥದ್ದು ಏನಾದರೂ ಇದೆಯೇ?

ಉತ್ತರ: ಧಾರಾಳವಾಗಿ ಇದೆ. ಜೂನ್ ಮತ್ತು ಜುಲೈ ಆರಂಭದಲ್ಲಿ ಹಳೆಯ ಆಸ್ಪೆನ್ ಕಾಂಡಗಳಲ್ಲಿ ದುಂಡನೆಯ ತೂತುಗಳನ್ನು ಹುಡುಕಿ. ಕೆಂಪು ಕುತ್ತಿಗೆಯ ಸ್ಯಾಪ್‌ಸಕರ್ ಎಂಬ ಮರಕುಟಿಗ ತಿರುಳು ಕೊಳೆತ ಕಾಂಡವನ್ನೇ ಆರಿಸಿ ಗೂಡು ಕೊರೆಯುತ್ತದೆ, ಏಕೆಂದರೆ ಹೊರಗಿನ ಕಟ್ಟಿಗೆ ಗಟ್ಟಿಯಾಗಿದ್ದು ಒಳಗೆ ಮೆತ್ತಗಿರುತ್ತದೆ. ಪ್ರತಿ ವರ್ಷ ಅದು ಸಾಮಾನ್ಯವಾಗಿ ಹೊಸ ಗೂಡನ್ನೇ ಕೊರೆಯುವುದರಿಂದ ಹಳೆಯವು ತಾವೇ ಕೊರೆಯಲಾರದ ಕವಲುತೋಕೆ ಹಕ್ಕಿಗಳ ಪಾಲಾಗುತ್ತವೆ. ಹತ್ತಿರದ ವಿಲ್ಲೊ ಪೊದೆಗಳ ತೊಗಟೆಯಲ್ಲಿ ಅದೇ ಮರಕುಟಿಗ ಸಾಲುಸಾಲಾಗಿ ಕೊರೆದ ಕುಳಿಗಳಿಂದ ರಸ ಒಸರುತ್ತದೆ. ಅದನ್ನು ಕುಡಿಯಲು ಝೇಂಕಾರದ ಹಕ್ಕಿಗಳು, ಅಳಿಲುಗಳು, ಕಣಜಗಳು ಸರದಿಯಲ್ಲಿ ಬರುತ್ತವೆ. ಒಳಗೆ ಮರಿಗಳಿದ್ದರೆ ಅವುಗಳ ಎಡೆಬಿಡದ ಕೂಗು ಕಾಂಡದಿಂದ ಹಲವು ಹೆಜ್ಜೆ ದೂರಕ್ಕೂ ಕೇಳಿಸುತ್ತದೆ, ಗೂಡನ್ನು ಪತ್ತೆಹಚ್ಚಲು ಅದೇ ಸುಲಭದ ಉಪಾಯ. ತಂದೆ ತಾಯಿ ಹಕ್ಕಿಗಳು ಬಂದುಹೋಗಲು ಅಡ್ಡಿಯಾಗದಷ್ಟು ದೂರದಲ್ಲಿ ಕುಳಿತು ದುರ್ಬೀನಿನಿಂದ ನೋಡಿ.

ಕಾರಿನಿಂದ ಹೆಚ್ಚು ದೂರ ನಡೆಯಲಾಗದವರಿಗೆ ಎರಡು ಜಾಗಗಳನ್ನು ಹೇಳಬಲ್ಲೆ. ಕ್ರೆಸ್ಟೆಡ್ ಬ್ಯೂಟ್‌ನ ಪಶ್ಚಿಮಕ್ಕಿರುವ ಕೆಬ್ಲರ್ ಕಣಿವೆದಾರಿಯ ಮಣ್ಣಿನ ರಸ್ತೆ ಕೊಲರಾಡೊದ ಅತಿ ವಿಶಾಲ ಆಸ್ಪೆನ್ ಕಾಡುಗಳಲ್ಲೊಂದರ ಮೂಲಕ ಹಾದುಹೋಗುತ್ತದೆ, ಯೂಟಾದ 25ನೇ ರಾಜ್ಯ ಹೆದ್ದಾರಿಯಂತೂ ಪ್ಯಾಂಡೊ ನಡುವೆಯೇ ಹಾದಿದೆ. ಕೆಬ್ಲರ್ ರಸ್ತೆ ಚಳಿಗಾಲದಲ್ಲಿ ಹಿಮದಿಂದಾಗಿ ಮುಚ್ಚಿರುತ್ತದೆ, ವಸಂತದ ಕೊನೆಯಲ್ಲಿ ಹೋಗುವವರು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಬೇಕು.